ಅಡಿಕೆ ಕೊಯ್ಲಿಗೆ ಆಳು ಯಾಕೆ ಸಿಗೂದಿಲ್ಲ? ಮಲೆನಾಡಿನ ಕೂಲಿಯ ಒಳಲೆಕ್ಕ

ಅಡಿಕೆ ಕೊಯ್ಲು ಶುರುವಾದರೆ ಸಾಕು, ತೀರ್ಥಹಳ್ಳಿಯಿಂದ ಸಾಗರದವರೆಗೆ ತೋಟದವರ ಬಾಯಲ್ಲಿ ಒಂದೇ ಮಾತು. "ಕೆಲಸಕ್ಕೆ ಜನ ಸಿಗೂದಿಲ್ಲ ಮಾರಾಯ್ರೆ." ಕಾರಣವೂ ಬೆನ್ನಿಗೇ ಬರುತ್ತದೆ. ಅಕ್ಕಿ ಪುಕ್ಕಟೆ, ಹೆಂಗಸರ ಖಾತೆಗೆ ತಿಂಗಳಿಗೆ ಎರಡು ಸಾವಿರ, ಪಂಚಾಯ್ತಿಯಲ್ಲಿ ಉದ್ಯೋಗ ಖಾತ್ರಿ. ಇಷ್ಟೆಲ್ಲ ಇದ್ದ ಮೇಲೆ ತೋಟಕ್ಕೆ ಯಾರು ಬರ್ತಾರೆ? ಕೂಲಿಗೆ ಹೋಗುವವರ ಜಗಲಿಯಲ್ಲಿ ಕೂತು ಕೇಳಿದರೆ ಮಾತು ಬೇರೆ. ಕೊಯ್ಲಿನ ನಾಲ್ಕು ತಿಂಗಳು ಬೆಳಗಾಗುವ ಮೊದಲೇ ಬಾಗಿಲಿಗೆ ಬಂದು ಕರೀತಾರೆ, ಬೇಸಿಗೆಯಲ್ಲಿ ಎದುರಿಗೆ ಸಿಕ್ಕರೂ ಮಾತಾಡ್ಸಲ್ಲ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಕೂಲಿ ಯಾಕೆ ಏರುತ್ತದೆ, ಸರ್ಕಾರ ಒಂದು ಯೋಜನೆ ತಂದರೆ ಕೆಲಸ ಹೆಚ್ಚುತ್ತಾ ಕಡಿಮೆಯಾಗುತ್ತಾ, ಯಂತ್ರ ಬಂದರೆ ಪೆಟ್ಟು ಯಾರಿಗೆ ಅನ್ನುವುದಕ್ಕೆ ಈ ದೂರುಗಳಲ್ಲಿ ಉತ್ತರವಿಲ್ಲ. ಸ್ವಲ್ಪ ಲೆಕ್ಕ ಹಾಕಬೇಕು.

ಚಿನ್ನದ ರೇಟು ಏರಿದಾಗ ಅಂಗಡಿಯಲ್ಲಿ ಚಿನ್ನ ಸಿಗಲ್ಲ ಅಂತ ಯಾರೂ ಹೇಳುವುದಿಲ್ಲ. ದುಬಾರಿ ಆಯ್ತು ಅಂತಾರೆ. ಆಳಿನ ವಿಷಯಕ್ಕೆ ಬಂದಾಗ ಮಾತ್ರ ದುಬಾರಿಯಾದದ್ದನ್ನು ಸಿಗದೇ ಇರುವುದು ಅಂದುಬಿಡುತ್ತೇವೆ. ಕಳೆದ ವರ್ಷದ ಕೂಲಿಗೆ ಜನ ಸಿಗುತ್ತಿಲ್ಲ, ಅಷ್ಟೇ. ಇನ್ನೂರು ರೂಪಾಯಿ ಜಾಸ್ತಿ ಕೊಡುವ ಪಕ್ಕದ ತೋಟದಲ್ಲಿ ಅದೇ ಜನ ಕೆಲಸ ಮಾಡುತ್ತಿರುತ್ತಾರೆ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಕೆಲಸ ಎಷ್ಟು ಕಷ್ಟ ಅನ್ನುವುದೊಂದರಿಂದಲೇ ಕೂಲಿ ತೀರ್ಮಾನವಾಗುವುದಿಲ್ಲ. "ಬರೂದಿಲ್ಲ" ಅಂದರೆ ಕೂಲಿಯವರಿಗೆ ಬೇರೆ ದಾರಿ ಏನಿದೆ? "ಬೇಡ ಬಿಡು" ಅಂದರೆ ತೋಟದವರಿಗೆ ಬೇರೆ ದಾರಿ ಏನಿದೆ? ಯಾರ ದಾರಿ ಅಗಲವೋ ಅವರ ಮಾತು ನಡೆಯುತ್ತದೆ. ಸರ್ಕಾರದ ನೀತಿಗಳು ಕೂಲಿಯನ್ನು ಮುಟ್ಟುವುದೂ ಹೆಚ್ಚಾಗಿ ಈ ದಾರಿಗಳನ್ನು ಅಗಲ ಮಾಡಿ ಇಲ್ಲವೇ ಮುಚ್ಚಿ.

ಕೊಯ್ಲಿಗೆ ಒಂದು ಲೆಕ್ಕ, ಅಗತೆಗೆ ಇನ್ನೊಂದು

ಮೊದಲು ತೋಟದವರ ಕಡೆಯಿಂದ ನೋಡೋಣ. ಕೊನೆಗೌಡರದ್ದು ಅಪರೂಪದ ಕೆಲಸ. ಮರ ಹತ್ತಿ, ಕೊನೆ (ಅಡಿಕೆ ಗೊನೆ) ಕೊಯ್ದು ಹಗ್ಗದ ಮೇಲೆ ಜಾರಿಸಿ, ಕೆಳಗಿಳಿಯದೆ ಮರವನ್ನೇ ಬಾಗಿಸಿಕೊಂಡು ಪಕ್ಕದ ಮರಕ್ಕೆ ದಾಟುತ್ತಾರೆ. ಕೆಳಗೆ ಹಗ್ಗ ಹಿಡಿಯುವವನೊಬ್ಬ. ಕೈ ತಪ್ಪಿದರೆ ಸೊಂಟ ಮುರಿಯುವುದು ಸಣ್ಣ ಮಾತು. ಈ ವಿದ್ಯೆ ಕಲಿಯುವ ಹುಡುಗರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಲೆಕ್ಕಕ್ಕೆ ಅಂತ ಒಂದು ತೋಟ ಇಟ್ಟುಕೊಳ್ಳಿ. ರಾಶಿ ಅಡಿಕೆಗೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಗೆ, ಕ್ವಿಂಟಲಿಗೆ 50,000 ರೂಪಾಯಿ. ಕೊನೆಗೌಡ ಒಂದು ದಿನದಲ್ಲಿ ಇಳಿಸಿದ ಕೊನೆ ಒಣಗಿ ಅರ್ಧ ಕ್ವಿಂಟಲ್ ಅಡಿಕೆಯಾಯಿತು ಅಂದುಕೊಳ್ಳೋಣ. ಅಂದರೆ 25,000 ರೂಪಾಯಿಯ ಮಾಲು. ಆತನ ಕೂಲಿ 1,500ರಿಂದ 2,000ಕ್ಕೆ ಏರಿದರೆ ತೋಟದವರು ಗೊಣಗುತ್ತಾರೆ, ಆದರೆ ಕೊಡುತ್ತಾರೆ. 500 ರೂಪಾಯಿ ಉಳಿಸಲು ಹೋಗಿ ಅಡಿಕೆ ಹಣ್ಣಾಗಿ ಉದುರಿದರೆ ನಷ್ಟ ಎಷ್ಟು ಪಾಲು ಹೆಚ್ಚು.

ಕೊಯ್ದ ಮೇಲೆ ಇನ್ನೂ ಅವಸರ. ಹಸಿ ಅಡಿಕೆಯನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ಚೊಗರು (ಅಡಿಕೆಯ ಒಗರು ರಸ) ಹಾಕಬೇಕು, ಅಟ್ಟಕ್ಕೆ ಏರಿಸಬೇಕು. ತಡವಾದರೆ ಬಣ್ಣ ಹೋಗುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಹಾಗಾಗಿ ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತಾದರೂ ಅಡಿಕೆ ಮನೆಗಳಲ್ಲಿ ಬಲ್ಬು ಉರಿಯುತ್ತಿರುತ್ತದೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಾರೆ. ಕತ್ತಿಗೆ ಒತ್ತಿ ಒಂದು ತಿರುವು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಬೆರಳಿಗೆಲ್ಲ ಚೊಗರಿನ ಕಪ್ಪು. ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಸುಲಿದಷ್ಟಕ್ಕೆ. ಆ ಹೊತ್ತಿಗೆ ನಾಲ್ಕು ಜನ ಎದ್ದು ಹೋದರೆ ತೋಟದವರ ಬಳಿ ಬೇರೆ ದಾರಿ ಇಲ್ಲ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗಲೂ ಹೀಗೇ. ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆಗಾಲದ ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ. ಆ ನಾಲ್ಕು ಒಣ ದಿನಗಳಲ್ಲಿ ಎಲ್ಲ ತೋಟಕ್ಕೂ ಒಟ್ಟಿಗೇ ಆಳು ಬೇಕು.

ಈಗ ಅಗತೆ (ತೋಟದ ಮಣ್ಣು ಅಗೆಯುವುದು), ಕಳೆ ತೆಗೆಯುವುದು, ಸೊಪ್ಪು ಹಾಕುವುದು ನೋಡಿ. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳು. ಈ ವರ್ಷ ಆಗದಿದ್ದರೆ ಹೋಗ್ಲಿ ಬಿಡು. ಕೂಲಿ ಏರಿದಾಗ ಮೊದಲು ಕತ್ತರಿ ಬೀಳುವುದು ಇವಕ್ಕೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಹೊತ್ತು ತರುವ ಕೆಲಸ ಎಷ್ಟೋ ಕಡೆ ನಿಂತೇ ಹೋಗಿದೆ. ಕಳೆಗೆ ಕತ್ತರಿಸುವ ಯಂತ್ರ ಬಂತು, ಕೆಲವರು ಔಷಧಿಯನ್ನೇ ಹೊಡೆದರು.

ಕೂಲಿ ಏರಿದರೆ ಉದ್ಯೋಗ ಕಡಿಮೆಯಾಗುತ್ತದಾ ಅನ್ನುವ ಪ್ರಶ್ನೆಗೆ ಅದಕ್ಕೇ ಒಂದೇ ಉತ್ತರ ಇಲ್ಲ. ಯಾವ ಕೆಲಸ ಅಂತ ಕೇಳಬೇಕು. ಮುಂದೂಡಲು ಆಗದ, ಯಂತ್ರ ಸಿಗದ, ಬೆಳೆಯ ಬೆಲೆಯಲ್ಲಿ ಸಣ್ಣ ಪಾಲು ಮಾತ್ರ ತಿನ್ನುವ ಕೆಲಸದಲ್ಲಿ ಕೂಲಿ ಏರಿದರೂ ಜನ ಬೇಕೇ ಬೇಕು. ಉಳಿದ ಕಡೆ ಕಡಿಮೆಯಾಗುತ್ತದೆ.

ಭತ್ತದ ಗದ್ದೆಗಳ ಕಥೆಯೂ ಇದೇ. ಅಡಿಕೆಯ ಬೆಲೆ ತಡೆಯುವ ಕೂಲಿಯನ್ನು ಭತ್ತದ ಬೆಲೆ ತಡೆಯುವುದಿಲ್ಲ. ನಟ್ಟಿಗೆ ಜನ ಕರೆದರೆ ಅವರು ಕೇಳುವುದು ತೋಟದ ಕೂಲಿಯನ್ನೇ. ಯಾಕೆ ಕಡಿಮೆಗೆ ಬರಬೇಕು ಹೇಳಿ? ಹೀಗಾಗಿ ಗದ್ದೆ ಬೀಳು ಬಿತ್ತು, ಇಲ್ಲವೇ ಮಣ್ಣು ಏರಿಸಿ ಅಡಿಕೆ ಸಸಿ ಇಟ್ಟರು. ಐದಾರು ವರ್ಷ ಕಳೆದ ಮೇಲೆ ಆ ಸಸಿಗಳಿಗೂ ಕೊನೆಗೌಡ ಬೇಕು, ಸುಲಿಯಲು ಜನ ಬೇಕು. ಕೂಲಿ ಜಾಸ್ತಿಯಾಯ್ತು ಅಂತ ಅಡಿಕೆ ಹಾಕಿದವರೇ ಕೂಲಿ ಇನ್ನೂ ಜಾಸ್ತಿಯಾಗಲು ಕಾರಣರಾದರು. ಬಯಲುಸೀಮೆಯಲ್ಲೂ ಅಡಿಕೆ ಹಬ್ಬಿದೆ. ಮೊದಲು ಇಲ್ಲಿಗೆ ಕೊಯ್ಲಿಗೆ ಬರುತ್ತಿದ್ದ ಚನ್ನಗಿರಿ ಕಡೆಯ ಜನರಿಗೆ ಈಗ ಊರ ಪಕ್ಕದಲ್ಲೇ ಕೆಲಸ ಇದೆ.

ಆಳಿನ ಬೇಡಿಕೆ ಬೆಳೆಯ ಬೆಲೆಯ ನೆರಳಲ್ಲಿ ಇರುತ್ತದೆ ಅಂದ ಮೇಲೆ, ದೆಹಲಿಯಲ್ಲಿ ಅಡಿಕೆ ಬಗ್ಗೆ ಆಗುವ ತೀರ್ಮಾನವೂ ಕೂಲಿಯ ನೀತಿಯೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದರಲ್ಲಿ ಕೂಲಿಯ ಮಾತೇ ಇಲ್ಲ. ಆದರೆ ಹೊರಗಿನ ಅಗ್ಗದ ಅಡಿಕೆ ಒಳಗೆ ಬಾರದಿದ್ದರೆ ಶಿವಮೊಗ್ಗದ ಮಂಡಿಯಲ್ಲಿ ರೇಟು ನಿಲ್ಲುತ್ತದೆ. ರೇಟು ನಿಂತರೆ ಮೆಟ್ಟುಗತ್ತಿಯ ಮೇಲೆ ಕೂತವರ ಕೂಲಿಯೂ ನಿಲ್ಲುತ್ತದೆ.

ಜನ ಎಲ್ಲಿ ಹೋದರು?

ಇನ್ನು ಕೂಲಿಯವರ ಕಡೆ. ಅನ್ನಭಾಗ್ಯ, ಗೃಹಲಕ್ಷ್ಮಿಗಿಂತ ಬಹಳ ಮೊದಲೇ ಇಲ್ಲಿನ ಕೂಲಿಯನ್ನು ಅಲ್ಲಾಡಿಸಿದ ನೀತಿ ಒಂದಿದೆ. ಭೂ ಸುಧಾರಣೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದೇ ದೊಡ್ಡ ತಕರಾರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಮುಂದೆ ದೇವರಾಜ ಅರಸು ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಉಳುವವರಿಗೆ ಭೂಮಿ ಬಂತು. ಅದನ್ನು ನಾವು ನ್ಯಾಯದ ಕಥೆಯಾಗಿ ಓದುತ್ತೇವೆ. ಸರಿಯೇ. ಆದರೆ ಅದು ಕೂಲಿಯ ಕಥೆಯೂ ಹೌದು. ಎರಡು ಎಕರೆ ಸ್ವಂತ ಗದ್ದೆ ಬಂದ ಮನೆಯವರು ಒಡೆಯರ ಮನೆ ಬಾಗಿಲಲ್ಲಿ ಬೆಳಗ್ಗೆ ಹೋಗಿ ನಿಲ್ಲುವುದು ಬಿಟ್ಟರು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಸಾಲಕ್ಕೆ ಕಟ್ಟಿಬಿದ್ದು ದುಡಿಯುವುದನ್ನು ಕಾನೂನು ಒಪ್ಪದಾಯಿತು. ಎರಡೂ ಸೇರಿ ಕೂಲಿಯವರ ದಾರಿ ಅಗಲವಾಯಿತು.

ಆ ಮನೆಗಳ ಮಕ್ಕಳು ಶಾಲೆಗೆ ಹೋದರು. ಮನೆಯಲ್ಲಿ ಮಕ್ಕಳೂ ಕಡಿಮೆಯಾದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು ಬೇಕಾದದ್ದು 2.1. ಇದ್ದ ಒಬ್ಬಿಬ್ಬರಲ್ಲಿ ಮಗ ಬೆಂಗಳೂರಿಗೆ, ಮಗಳು ಮಾಚೇನಹಳ್ಳಿಯ ಗಾರ್ಮೆಂಟ್ಸ್‌ಗೆ. ಗಾರ್ಮೆಂಟ್ಸ್ ಸಂಬಳ ತೋಟದ ಕೂಲಿಗಿಂತ ದಿನದ ಲೆಕ್ಕದಲ್ಲಿ ಜಾಸ್ತಿ ಏನಲ್ಲ. ಆದರೆ ತಿಂಗಳು ತಿಂಗಳು ಬರುತ್ತದೆ, ಪಿಎಫ್ ಇದೆ, ಇಎಸ್‌ಐ ಇದೆ, ಉಂಬಳ (ಜಿಗಣೆ) ಹತ್ತುವುದಿಲ್ಲ. ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳಲೂ ಒಂದು ಕೆಲಸ. ತೋಟದ ಕೂಲಿ ಪೈಪೋಟಿ ಮಾಡಬೇಕಿರುವುದು ಇದರ ಜೊತೆ.

ಹೀಗೆ ಹೇಳಿದರೆ ತೋಟದವರು ಸುಮ್ನಿರುವುದಿಲ್ಲ. ಹಾಗಾದರೆ ಅನ್ನಭಾಗ್ಯದಿಂದ ಏನೂ ಆಗಿಲ್ಲವಾ ಅಂತಾರೆ. ಆಗಿದೆ. ಆದರೆ ಅವರು ಹೇಳುವ ರೀತಿಯಲ್ಲಿ ಅಲ್ಲ.

ಬಡವರಿಗೆ ಸರ್ಕಾರ ಹಣ ಕೊಟ್ಟರೆ ದುಡಿಯುವುದು ಬಿಡುತ್ತಾರಾ ಅನ್ನುವುದನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಸಂಗಡಿಗರು ಆರು ದೇಶಗಳ ಏಳು ಯೋಜನೆಗಳ ಲೆಕ್ಕ ತೆಗೆದು ನೋಡಿದ್ದಾರೆ. ದುಡಿಮೆ ಕಡಿಮೆಯಾದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ನಮ್ಮ ಲೆಕ್ಕವನ್ನೇ ಹಾಕಿ. ಗೃಹಲಕ್ಷ್ಮಿಯ 2,000 ರೂಪಾಯಿ ಅಂದರೆ, ಹೆಣ್ಣಾಳಿನ ಕೂಲಿ 400 ಅಂತ ಹಿಡಿದರೆ, ತಿಂಗಳಿಗೆ ಐದು ದಿನದ ಕೂಲಿ. ಉಳಿದ 25 ದಿನ ಮನೆ ನಡೆಯುವುದು ಹೇಗೆ? ದುಡಿಯಲೇಬೇಕು.

ಬದಲಾಗುವುದು ಬೇರೆ. 2013ರಲ್ಲಿ ಅನ್ನಭಾಗ್ಯ ಬರುವ ಮುಂಚೆ ಮಳೆಗಾಲದ ಕೊನೆಗೆ ಅಕ್ಕಿ ಡಬ್ಬ ಖಾಲಿಯಾದ ಮನೆಯವರು ಮಾಲೀಕರ ಹತ್ತಿರ ಮುಂಗಡ ಕೇಳುತ್ತಿದ್ದರು. ಮುಂಗಡ ತಗೊಂಡವರು ಕೂಲಿ ಎಷ್ಟು ಅಂತ ಕೇಳುವ ಹಾಗಿಲ್ಲ. ಕೊಯ್ಲಿಗೆ ಅಲ್ಲಿಗೇ ಬರಬೇಕು, ಹೇಳಿದ ಕೂಲಿಗೇ ಬರಬೇಕು. ಮನೆಯಲ್ಲಿ ಅಕ್ಕಿ ಇದ್ದರೆ ಆ ಮುಂಗಡ ಬೇಡ. "ಅವರು ಇಷ್ಟು ಕೊಡ್ತಾರೆ, ನೀವೆಷ್ಟು ಕೊಡ್ತೀರಿ ಗೌಡ್ರೆ?" ಅಂತ ಕೇಳಬಹುದು. ಈ ಪ್ರಶ್ನೆ ಕೇಳುವುದನ್ನೇ ಕೆಲವರು ಸೋಮಾರಿತನ ಅಂತಾರೆ.

ಇನ್ನೊಂದು ಸಂಗತಿ ಇದೆ, ಅದನ್ನು ಮುಚ್ಚಿಡಬಾರದು. ಕೂಲಿ ಏರಿದಾಗ ಕೆಲವರು ಕಡಿಮೆ ದಿನ ಬರುವುದು ನಿಜ. ವಾರಕ್ಕೆ ಆರು ದಿನ ದುಡಿದು ಗಳಿಸುತ್ತಿದ್ದದ್ದನ್ನು ನಾಲ್ಕೇ ದಿನದಲ್ಲಿ ಗಳಿಸಿದರೆ, ಐದನೇ ದಿನ ಸ್ವಂತ ಗದ್ದೆಗೋ ಸಂತೆಗೋ ಹೋಗುತ್ತಾರೆ. ಎಲ್ಲರೂ ಅಲ್ಲ, ಕೆಲವರು. ರಜೆ ಹಾಕುವ ಬ್ಯಾಂಕ್ ನೌಕರರನ್ನು ನಾವು ಸೋಮಾರಿ ಅನ್ನುವುದಿಲ್ಲ ಅಲ್ವಾ?

ಶಕ್ತಿ ಯೋಜನೆಯದ್ದು ಇಲ್ಲಿ ಸ್ವಲ್ಪ ವಿಚಿತ್ರ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬಸ್ ಖರ್ಚು ಹೋದರೆ ದೂರದ ಕೆಲಸವೂ ಕೈಗೆ ಎಟುಕುತ್ತದೆ, ಪೇಟೆಯ ಅಂಗಡಿ ಕೆಲಸ, ಮನೆಕೆಲಸ ಎಲ್ಲ. ಆದರೆ ಮಲೆನಾಡಿನ ಒಳಊರುಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಸರ್ಕಾರಿ ಬಸ್ ಬಾರದ ಊರಿನ ಹೆಂಗಸಿಗೆ ಶಕ್ತಿ ಇದ್ದೂ ಇಲ್ಲ. ಒಂದೇ ಯೋಜನೆ, ಶಿಕಾರಿಪುರದ ರಸ್ತೆ ಬದಿಯ ಊರಿಗೆ ಒಂದು ಫಲ, ಹೊಸನಗರದ ಕಾಡಂಚಿನ ಮನೆಗೆ ಇನ್ನೊಂದು.

ಖಾತ್ರಿ ಕೂಲಿ ಮತ್ತು ಊರ ಕೂಲಿ

ಉದ್ಯೋಗ ಖಾತ್ರಿ ಕಾಯ್ದೆ ಆದದ್ದು 2005ರಲ್ಲಿ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಶುರುವಾಯಿತು. ಶಿವಮೊಗ್ಗ ಬಂದದ್ದು 2007ರ ಎರಡನೇ ಕಂತಿನಲ್ಲಿ. ಕರ್ನಾಟಕದಲ್ಲಿ ಇದರ ದಿನಗೂಲಿ 2021-22ರಲ್ಲಿ 289 ರೂಪಾಯಿ, 2023-24ರಲ್ಲಿ 316, 2024-25ರಲ್ಲಿ 349, 2025-26ರಲ್ಲಿ 370.

ಅಡಿಕೆ ತೋಟದ ಗಂಡಾಳಿನ ಕೂಲಿ ಇದಕ್ಕಿಂತ ಎಷ್ಟೋ ಮೇಲೆ. ಹಾಗಾದರೆ 370 ರೂಪಾಯಿಯ ಕೆಲಸ ತೋಟದ ಜನರನ್ನು ಎಳೆದುಕೊಳ್ಳುವುದು ಹೇಗೆ? ಕೊಯ್ಲಿನ ಕಾಲದಲ್ಲಿ ಎಳೆಯುವುದೇ ಇಲ್ಲ. ಎಳೆಯುವುದು ಬೇಸಿಗೆಯಲ್ಲಿ, ತೋಟದಲ್ಲಿ ಕೆಲಸ ಇಲ್ಲದಾಗ. ಅದೂ ಹೆಚ್ಚಾಗಿ ಹೆಂಗಸರನ್ನು, ಯಾಕೆಂದರೆ ಖಾತ್ರಿಯಲ್ಲಿ ಗಂಡಾಳು ಹೆಣ್ಣಾಳು ಅನ್ನುವ ಭೇದ ಇಲ್ಲ. ಸಮಾನ ಕೂಲಿಯ ಕಾನೂನು 1976ರಿಂದಲೇ ಇದೆ, ಆದರೆ ತೋಟಗಳಲ್ಲಿ ಎರಡು ರೇಟು ಇವತ್ತಿಗೂ ನಡೆಯುತ್ತಿದೆ. ಕಾಗದದ ಕಾನೂನಿಗಿಂತ, ಒಂದೇ ರೇಟು ಕೊಡುವ ಇನ್ನೊಂದು ಕೆಲಸ ಊರಲ್ಲಿ ಇರುವುದು ಹೆಚ್ಚು ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತದೆ.

ದೇಶದ ಮಟ್ಟದಲ್ಲಿ ಕ್ಲೆಮೆಂಟ್ ಇಂಬೆರ್ಟ್ ಮತ್ತು ಜಾನ್ ಪ್ಯಾಪ್ ಅನ್ನುವವರು ಮಾಡಿದ ಲೆಕ್ಕವೂ ಇದನ್ನೇ ಹೇಳುತ್ತದೆ. ಯೋಜನೆ ಚೆನ್ನಾಗಿ ನಡೆದ ರಾಜ್ಯಗಳಲ್ಲಿ, ಬೇಸಾಯ ಇಲ್ಲದ ಒಣ ತಿಂಗಳಲ್ಲಿ, ಖಾಸಗಿ ಕೂಲಿ ಏರಿತು. ಆಂಧ್ರದಲ್ಲಿ ನಡೆದ ಇನ್ನೊಂದು ಅಧ್ಯಯನ ಇನ್ನೂ ಕುತೂಹಲದ್ದು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಮೂವರೂ ಖಾತ್ರಿ ಹಣ ಸರಿಯಾಗಿ ಕೈ ಸೇರುವಂತೆ ಮಾಡಿದರೆ ಏನಾಗುತ್ತದೆ ಅಂತ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದರು. ಬಡ ಮನೆಗಳ ಆದಾಯ ಏರಿತು. ಆದರೆ ಆ ಏರಿಕೆಯ ಬಹುಪಾಲು ಖಾತ್ರಿಯಿಂದ ಬಂದದ್ದಲ್ಲ, ಹೊರಗಿನ ಕೆಲಸದಿಂದ ಬಂದದ್ದು. ಕೂಲಿ ಏರಿತು, ಖಾಸಗಿ ಕೆಲಸ ಕಡಿಮೆಯಾಗಲಿಲ್ಲ.

ಇದು ಹೇಗೆ ಸಾಧ್ಯ? ಪಠ್ಯಪುಸ್ತಕದ ಪ್ರಕಾರ ಕೂಲಿ ಏರಿದರೆ ಕೆಲಸ ಇಳಿಯಬೇಕು. ಇಳಿಯದಿರಲು ಒಂದು ಕಾರಣವನ್ನು 1933ರಲ್ಲೇ ಜೋನ್ ರಾಬಿನ್ಸನ್ ಅನ್ನುವ ಅರ್ಥಶಾಸ್ತ್ರಜ್ಞೆ ಬಿಡಿಸಿ ಹೇಳಿದ್ದರು. ಕೂಲಿ ಕೊಡುವವರು ನಾಲ್ಕೇ ಜನ ಇರುವ ಊರಲ್ಲಿ ಅವರು ಕೂಲಿಯನ್ನು ಬೇಕೆಂದೇ ತಗ್ಗಿಸಿ ಇಡಬಹುದು. ಇನ್ನೊಬ್ಬ ಆಳನ್ನು ಕರೆಯಬೇಕಾದರೆ ಐವತ್ತು ರೂಪಾಯಿ ಜಾಸ್ತಿ ಕೊಡಬೇಕು, ಆಗ ಇರುವ ಎಲ್ಲರಿಗೂ ಐವತ್ತು ಏರಿಸಬೇಕಾಗುತ್ತದೆ. ಅದಕ್ಕಿಂತ ಒಬ್ಬ ಆಳು ಕಡಿಮೆಯಲ್ಲೇ ಸಾಗಿಸೋಣ ಅನ್ನುವುದು ಮಾಲೀಕರ ಲೆಕ್ಕ. ಅಂಥ ಊರಲ್ಲಿ ಹೊರಗಿನಿಂದ ಕೂಲಿಯ ನೆಲೆ ಏರಿಸಿದರೆ ಆ ಲೆಕ್ಕ ಮುರಿದುಬೀಳುತ್ತದೆ. ಹೇಗೂ ಎಲ್ಲರಿಗೂ ಅಷ್ಟು ಕೊಡಲೇಬೇಕು ಅಂದ ಮೇಲೆ, ಬಂದವರನ್ನೆಲ್ಲ ಕರೆದುಕೊಳ್ಳುವುದೇ ಲಾಭ. ಕೂಲಿಯೂ ಏರುತ್ತದೆ, ಕೆಲಸವೂ ಹೆಚ್ಚುತ್ತದೆ. ಇದಕ್ಕೆ ಮಿತಿ ಇದೆ, ವಿಪರೀತ ಏರಿಸಿದರೆ ಕೆಲಸ ಹೋಗುತ್ತದೆ. ಮಿತಿ ಎಲ್ಲಿ ಅನ್ನುವುದರ ಮೇಲೇ ಜಗಳ.

ಆ ಜಗಳದ ದೊಡ್ಡ ಉದಾಹರಣೆ ಅಮೆರಿಕದ್ದು. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಸುಳಿವು ಸಿಗಲಿಲ್ಲ. ಬೇರೆಯವರು ಬೇರೆ ಅಂಕಿ ಹಿಡಿದು ತಕರಾರು ತೆಗೆದರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು, ತಕರಾರು ಮಾತ್ರ ಇನ್ನೂ ಮುಗಿದಿಲ್ಲ.

ಕೂಲಿ ಏರದಂತೆ ತಡೆಯುವ ನೀತಿಗಳೂ ಇವೆ, ಅವೂ ಹಳೆಯವೇ. ಇಂಗ್ಲೆಂಡಿನಲ್ಲಿ ಮಹಾಮಾರಿ ಪ್ಲೇಗಿಗೆ ಜನ ಸತ್ತು ಆಳು ಕಡಿಮೆಯಾದಾಗ, 1349ರಲ್ಲಿ ರಾಜನೇ ಆಜ್ಞೆ ಹೊರಡಿಸಿದ. ಪ್ಲೇಗಿಗೆ ಮುಂಚೆ ಇದ್ದ ಕೂಲಿಗಿಂತ ಜಾಸ್ತಿ ಕೇಳುವಂತಿಲ್ಲ, ಕೊಡುವಂತಿಲ್ಲ. ನಮ್ಮಲ್ಲೂ ಊರಿನ ತೋಟದವರು ಸಭೆ ಸೇರಿ ಈ ವರ್ಷ ಇಷ್ಟೇ ಕೂಲಿ ಅಂತ ತೀರ್ಮಾನ ಮಾಡುವುದುಂಟು. ಕೊಯ್ಲು ಬಿಗಿಯಾಗುವವರೆಗೆ ನಡೆಯುತ್ತದೆ. ಆಮೇಲೆ ಯಾರೋ ಒಬ್ಬರು ಊಟದ ಜೊತೆಗೆ ಗುಟ್ಟಾಗಿ ನೂರು ರೂಪಾಯಿ ಸೇರಿಸುತ್ತಾರೆ. ಅಲ್ಲಿಗೆ ಸಭೆ ಮುಗಿಯಿತು.

ಏರಿದ ಕೂಲಿ ಇಳಿಯುವುದಿಲ್ಲ ಅನ್ನುವುದನ್ನು ತೋಟದವರು ಅನುಭವದಿಂದ ಬಲ್ಲರು. ಸುಪ್ರೀತ್ ಕೌರ್ ಅನ್ನುವ ಅರ್ಥಶಾಸ್ತ್ರಜ್ಞೆ ಭಾರತದ ಜಿಲ್ಲೆಗಳ ದಶಕಗಳ ಮಳೆ, ಕೂಲಿಯ ಅಂಕಿ ಇಟ್ಟು ಇದನ್ನೇ ಕಂಡರು. ಮಳೆ ಚೆನ್ನಾಗಿ ಆದ ವರ್ಷ ಕೂಲಿ ಏರುತ್ತದೆ. ಮುಂದಿನ ವರ್ಷ ಬೆಳೆ ಸಾಧಾರಣವಾದರೂ ಕೂಲಿ ಕೆಳಗೆ ಬರುವುದಿಲ್ಲ, ಕೆಲಸದ ದಿನಗಳು ಕಡಿಮೆಯಾಗುತ್ತವೆ. ಅಡಿಕೆ ರೇಟು ಬಿದ್ದ ವರ್ಷ ಇಲ್ಲಿ ಆಗುವುದೂ ಅದೇ. ಕೂಲಿ ಅಷ್ಟೇ ಇರುತ್ತದೆ, ಅಗತೆಗೆ ಕರೆಯುವವರು ಇರುವುದಿಲ್ಲ.

ಯಂತ್ರ, ಹೊರಗಿನ ಜನ

ಆಳು ದುಬಾರಿಯಾದಾಗ ತೋಟದವರು ಹುಡುಕುವ ಬೇರೆ ದಾರಿ ಯಂತ್ರ. ಇಲ್ಲಿ ಅಮೆರಿಕದ ಟೊಮೆಟೊ ಹೊಲಗಳ ಕಥೆ ಕೇಳಬೇಕು. ಮೆಕ್ಸಿಕೋದಿಂದ ಹಂಗಾಮಿಗೆ ಆಳು ತರಿಸುವ ಬ್ರಸೆರೊ ಅನ್ನುವ ಒಪ್ಪಂದ ಇತ್ತು. 1964ರ ಕೊನೆಗೆ ಅಮೆರಿಕ ಅದನ್ನು ನಿಲ್ಲಿಸಿತು. ಹೊರಗಿನವರು ಹೋದರೆ ನಮ್ಮವರ ಕೂಲಿ ಏರುತ್ತದೆ ಅನ್ನುವುದು ಎಣಿಕೆ. ಮೈಕಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು ಹಳೆಯ ದಾಖಲೆ ತೆಗೆದು ನೋಡಿದರೆ, ಮೆಕ್ಸಿಕೋದವರು ಹೆಚ್ಚಿದ್ದ ರಾಜ್ಯಗಳಲ್ಲೂ ಇಲ್ಲದ ರಾಜ್ಯಗಳಲ್ಲೂ ಕೂಲಿ ಒಂದೇ ರೀತಿ ಸಾಗಿತ್ತು. ಕ್ಯಾಲಿಫೋರ್ನಿಯಾದ ರೈತರು ಟೊಮೆಟೊ ಕೀಳುವ ಯಂತ್ರ ತಂದರು. ಯಂತ್ರ ಸಿಗದ ಬೆಳೆಗಳನ್ನು ಎಷ್ಟೋ ಜನ ಕಡಿಮೆ ಮಾಡಿದರು.

ಅಡಿಕೆ ಸುಲಿಯುವ ಯಂತ್ರ ಇಲ್ಲಿ ಮಾಡುತ್ತಿರುವುದೂ ಅದೇ. ಯಂತ್ರವನ್ನು ಗಾಡಿಯಲ್ಲಿ ತಂದು ಕಿಲೋ ಲೆಕ್ಕದಲ್ಲಿ ಸುಲಿದುಕೊಡುವವರು ಬಂದಿದ್ದಾರೆ. ಕೆಲವು ಅಡಿಕೆಗೆ ಏಟು ಬೀಳುತ್ತದೆ, ಕೆಲವು ಅರ್ಧ ಸಿಪ್ಪೆಯಲ್ಲೇ ಉಳಿಯುತ್ತವೆ. ಹಾಗಾಗಿ ಪಕ್ಕದಲ್ಲಿ ಒಂದಿಬ್ಬರು ಆರಿಸಲು ಕೂರಬೇಕು. ಆದರೂ ಹತ್ತು ಜನರ ರಾತ್ರಿ ಕೆಲಸ ಒಂದು ಯಂತ್ರ ಮುಗಿಸುತ್ತದೆ. ಮರ ಹತ್ತುವ ಕೆಲಸಕ್ಕೂ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತು ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಇಲ್ಲೊಂದು ವ್ಯತ್ಯಾಸ ಗಮನಿಸಿ. ದೋಟಿಯಿಂದ ಕೊನೆಗೌಡನಿಗೆ ಕೆಲಸ ಹೋಗುವುದಿಲ್ಲ, ಪ್ರಾಣದ ಅಪಾಯ ಹೋಗುತ್ತದೆ. ಮರ ಹತ್ತಲಾಗದವರೂ ಕೊನೆ ಕೊಯ್ಯಬಹುದಾದ್ದರಿಂದ ಅವನ ಕೂಲಿಯ ಹೆಚ್ಚುವರಿ ಮಾತ್ರ ಕರಗಬಹುದು. ಸುಲಿಯುವ ಯಂತ್ರದಿಂದ ಹೋಗುವುದು ಐವತ್ತು ದಾಟಿದ ಹೆಂಗಸರ ಕೆಲಸ. ಅವರು ಗಾರ್ಮೆಂಟ್ಸ್‌ಗೆ ಹೋಗಲಾರರು. ಯಂತ್ರಕ್ಕೆ ಸಹಾಯಧನ ಕೊಡುವಾಗ ಈ ಹೆಂಗಸರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ಸಹಾಯಧನ ಬೇಡ ಅಂತಲ್ಲ, ಆದರೆ ಅದೂ ಕೂಲಿಯ ನೀತಿ ಅಂತ ಒಪ್ಪಿಕೊಳ್ಳಬೇಕು.

ಇನ್ನೊಂದು ದಾರಿ ಹೊರಗಿನ ಜನ. ಉತ್ತರ ಕರ್ನಾಟಕದ ತಂಡಗಳು ಹಿಂದಿನಿಂದಲೂ ಬರುತ್ತಿವೆ, ಈಗ ಅಸ್ಸಾಂ, ಬಿಹಾರದಿಂದಲೂ ಬರುತ್ತಾರೆ. ಇವರಿಂದ ಊರವರ ಕೂಲಿ ಬೀಳುತ್ತದಾ? 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು, ಮಯಾಮಿ ನಗರದ ದುಡಿಯುವ ಜನ ಕೆಲವೇ ತಿಂಗಳಲ್ಲಿ ಶೇಕಡ 7ರಷ್ಟು ಹೆಚ್ಚಾಯಿತು. ಕಾರ್ಡ್ ಲೆಕ್ಕ ಹಾಕಿದಾಗ ಸ್ಥಳೀಯರ ಕೂಲಿ ಹೆಚ್ಚೇನೂ ಅಲ್ಲಾಡಿರಲಿಲ್ಲ. ಜಾರ್ಜ್ ಬೋರ್ಹಾಸ್ ಅದೇ ಅಂಕಿಗಳನ್ನು ಬೇರೆ ರೀತಿ ನೋಡಿ, ಹೈಸ್ಕೂಲು ಮುಗಿಸದವರ ಕೂಲಿ ಚೆನ್ನಾಗಿಯೇ ಬಿದ್ದಿತ್ತು ಅಂದರು. ನನಗೆ ಇಬ್ಬರಿಂದಲೂ ಕಲಿಯುವುದಿದೆ ಅನ್ನಿಸುತ್ತದೆ. ಹೊರಗಿನವರು ಬಂದದ್ದರಿಂದ ತೋಟ ಉಳಿಯಿತು, ಅಡಿಕೆ ಹೊರುವ ಗಾಡಿಯವನಿಗೆ, ಬೇಯಿಸುವವನಿಗೆ, ಅಂಗಡಿಯವನಿಗೆ ಕೆಲಸ ಉಳಿಯಿತು. ಆದರೆ ಅದೇ ಕೆಲಸಕ್ಕೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಜಾಸ್ತಿ ಕೇಳುವ ಧೈರ್ಯ ಕಡಿಮೆಯಾಯಿತು.

ಭದ್ರಾವತಿ ಕಡೆ ಕೈ ತೋರಿಸುವವರೂ ಇದ್ದಾರೆ. 1930ರ ದಶಕದಲ್ಲಿ ಶುರುವಾದ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಶುರುವಿನಲ್ಲಿ ಬಂದು, ಆಮೇಲೆ ತಡೆ ಬಿತ್ತು. ಅಷ್ಟು ಜನ ಕೆಲಸ ಕಳೆದುಕೊಂಡರೂ ಹತ್ತಿರದ ತೋಟಗಳಿಗೆ ಆಳು ಯಾಕೆ ಹೆಚ್ಚಲಿಲ್ಲ? ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವರು ಅಡಿಕೆ ಮರ ಹತ್ತುವುದಿಲ್ಲ. ಅವರು ಆಟೋ ಓಡಿಸುತ್ತಾರೆ, ಸೆಕ್ಯೂರಿಟಿಗೆ ಸೇರುತ್ತಾರೆ, ಊರು ಬಿಡುತ್ತಾರೆ. ಕೂಲಿ ಇಳಿದದ್ದು ತೋಟದಲ್ಲಿ ಅಲ್ಲ, ಆಟೋ ಸ್ಟ್ಯಾಂಡಿನಲ್ಲಿ.

ಈಗ ಖಾತ್ರಿ ಕಾಯ್ದೆಯೇ ಬದಲಾಗಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ವಿಬಿ ಜಿ ರಾಮ್ ಜಿ ಅಂತ ಕರೆಯುವ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 100 ದಿನದ ಬದಲು 125 ದಿನದ ಕೆಲಸ. ಖರ್ಚಿನಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40. ತೋಟದವರಿಗೂ ಕೂಲಿಯವರಿಗೂ ನೇರವಾಗಿ ತಟ್ಟುವುದು ಇನ್ನೊಂದು ಕಲಮು. ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕು, ಯಾವ 60 ದಿನ ಅಂತ ರಾಜ್ಯ ಸರ್ಕಾರ ಮೊದಲೇ ಗೊತ್ತು ಮಾಡಬೇಕು. ಬೇಸಾಯಕ್ಕೆ ಆಳು ಸಿಗಲಿ ಅನ್ನುವುದೇ ಇದರ ಉದ್ದೇಶ. ಅಂದರೆ ಕೂಲಿಯವರ ಬೇರೆ ದಾರಿಯನ್ನು, ಅವರ ಮಾತಿಗೆ ಬೆಲೆ ಇರುವ ಹೊತ್ತಿನಲ್ಲೇ, ಎರಡು ತಿಂಗಳು ಮುಚ್ಚುವುದು.

ಮಲೆನಾಡಿನಲ್ಲಿ ಆ 60 ದಿನ ಯಾವುದು? ಜೂನ್ ಜುಲೈಗೆ ಬೋರ್ಡೋ, ಜುಲೈ ಆಗಸ್ಟಿಗೆ ನಟ್ಟಿ, ಅಕ್ಟೋಬರಿನಿಂದ ಜನವರಿವರೆಗೆ ಅಡಿಕೆ, ಅದರ ಜೊತೆಗೇ ಭತ್ತದ ಕೊಯ್ಲು, ಕಾಫಿ ಸೀಮೆಯಲ್ಲಿ ಕಾಫಿ ಹಣ್ಣು. 60 ದಿನದಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ಅವಧಿ ಗೊತ್ತು ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಕೊಯ್ಲಿನ ನಡುಭಾಗಕ್ಕೆ ಬಿದ್ದರೆ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ, ಆಗ 370 ರೂಪಾಯಿಗೆ ಹೇಗೂ ಯಾರೂ ಹೋಗುವುದಿಲ್ಲ. ಬಿಸಿ ತಟ್ಟುವುದು ಕೆಲಸ ಅರೆಬರೆ ಇರುವ ವಾರಗಳಿಗೆ ಬಿದ್ದರೆ. ತೋಟದವರು ವಾರಕ್ಕೆ ಎರಡು ದಿನ ಕರೆಯುತ್ತಾರೆ, ಉಳಿದ ದಿನ ಪಂಚಾಯ್ತಿ ಕೆಲಸವೂ ಇಲ್ಲ. ಆಗ ಹೆಣ್ಣಾಳಿನ ಕೂಲಿ ಎಷ್ಟು ಅಂತ ಹೇಳುವವರು ಮತ್ತೆ ತೋಟದವರೇ ಆಗುತ್ತಾರೆ. ನಿಮ್ಮ ಪಂಚಾಯ್ತಿಯ ಗ್ರಾಮಸಭೆಯಲ್ಲಿ ಈ ದಿನಗಳ ಮಾತು ಬಂದರೆ, ಎರಡೂ ಕಡೆಯವರು ಕ್ಯಾಲೆಂಡರ್ ಹಿಡಿದುಕೊಂಡೇ ಹೋಗುವುದು ಒಳ್ಳೆಯದು.